ನಮ್ಮನೆ ಲಾನಿಗೆ ಜೆಟ್ ಹಾಕಿದ್ದು

ಹುಲ್ಲು ಬೆಳೆಸುವುದು ಒಂದು ಕೆಲಸವೇ ಅಲ್ಲ ಎಂದು ನಾನು ನಂಬಿದ್ದೆ. ನಂಬಲು ಕಾರಣವೂ ಇತ್ತು. ಕೆ. ಹೊಸಕೋಟೆಯ ಈಚೆಗಿರುವ ಈ ಕಾಫಿ ತೋಟದ ಮನೆಗೆ ನಾನು ಸೊಸೆಯಾಗಿ ಬಂದಾಗಿನಿಂದ ಇಲ್ಲಿ ನಡೆಯುತ್ತಿರುವ ಮುಖ್ಯ ಯುದ್ಧವೆಂದರೆ ಹುಲ್ಲಿನ ಜೊತೆಗೇ. ಮಳೆಗಾಲಕ್ಕೆ ಮುಂಚೆ ಕಳೆ ತೆಗೆಸಬೇಕು, ಮಳೆಗಾಲದ ನಡುವೆ ತೆಗೆಸಬೇಕು, ಕೊಯ್ಲಿಗೆ ಮುಂಚೆ ಇನ್ನೊಮ್ಮೆ ತೆಗೆಸಬೇಕು. ಕತ್ತರಿಸಿದರೂ ಬರುತ್ತದೆ, ಕಿತ್ತರೂ ಬರುತ್ತದೆ, ಬೈದರೂ ಬರುತ್ತದೆ. ಬೇಡ ಬೇಡ ಎಂದರೂ ಇಷ್ಟು ಬರುವ ಹುಲ್ಲು, ಬಾ ಎಂದು ಕರೆದರೆ ಬಾರದೆ ಇರುತ್ತದೆಯೇ! ಇದು ನನ್ನ ಲೆಕ್ಕಾಚಾರ.

ಕರೆಯುವ ಪ್ರಸಂಗ ಬಂದದ್ದು ನನ್ನ ಬಾಯಿಂದ. ಆಲೂರು, ಸಕಲೇಶಪುರದ ಕಡೆಯ ನಾವೊಂದಿಷ್ಟು ಹೆಂಗಸರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ದೊಡ್ಡ ಎಸ್ಟೇಟಿನವರೂ ಇದ್ದಾರೆ, ನಮ್ಮಂಥ ಸಣ್ಣ ತೋಟದವರೂ ಇದ್ದಾರೆ. ಜನವರಿಯ ಕೂಟ ದೋಣಿಗಲ್ ಹತ್ತಿರದ ವಿಮಲಕ್ಕನ ಬಂಗಲೆಯಲ್ಲಿ ನಡೆಯಿತು. ಅವರ ಮನೆ ಮುಂದೆ ಲಾನ್ ಇದೆ. ಲಾನ್ ಎಂದರೆ ಲಾನ್! ಚಪ್ಪಲಿ ಬಿಟ್ಟು ನಡೆಯೋಣ ಅನ್ನಿಸುವಂಥದ್ದು. ಅದರ ಮೇಲೆ ಬಿಳಿ ಕುರ್ಚಿ ಹಾಕಿ ಕೂರಿಸಿದರು, ಕೈಗೆ ಕಾಫಿ ಕೊಟ್ಟರು. ಕಾಲ ಕೆಳಗಿನ ಆ ಹಸಿರಿನ ಮೆತ್ತನೆಗೋ ಏನೋ ನನ್ನ ತಲೆಯೂ ಸ್ವಲ್ಪ ಮೆತ್ತಗಾಗಿರಬೇಕು.

"ಮಾರ್ಚ್ ತಿಂಗ್ಳು ಯಾರ ಮನೇಲಿ?" ಎಂದು ಯಾರೋ ಕೇಳಿದರು.

"ನಮ್ಮನೇಲಿ. ನಮ್ಮನೆ ಲಾನಲ್ಲೇ ಕೂರೋಣ!" ಎಂದೆ.

ಪಕ್ಕದಲ್ಲಿ ಕೂತಿದ್ದ ಶಾಂತಕ್ಕ ಕಾಫಿ ಲೋಟವನ್ನು ತುಟಿಯಿಂದ ಕೆಳಗಿಳಿಸಿದಳು. ಶಾಂತಕ್ಕ ನಮ್ಮ ಪಕ್ಕದ ತೋಟದ ಮಂಜಣ್ಣನ ಹೆಂಡತಿ. ನಮ್ಮ ಮನೆಯಲ್ಲಿ ಏನಿದೆ ಏನಿಲ್ಲ ಎನ್ನುವುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಲಾನ್ ಇಲ್ಲ ಎನ್ನುವುದೂ ಗೊತ್ತಿತ್ತು. ಪುಣ್ಯಾತ್ಗಿತ್ತಿ, ಅಲ್ಲಿ ಏನೂ ಅನ್ನಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಮಾತ್ರ ಕೇಳಿದಳು. "ಸುಮಿತ್ರಾ, ಲಾನ್ ಎಲ್ಲಿಟ್ಟಿದ್ದೀಯ ಮಾರಾಯ್ತಿ? ಸ್ಟೋರಿನಾಗಾ?"

ನನಗೆ ರೋಷ ಬಂತು. ರೋಷ ಬಂದರೆ ನಾನು ಯೋಚನೆ ಮಾಡುವುದಿಲ್ಲ, ಕೆಲಸ ಮಾಡುತ್ತೇನೆ. ಈ ಮನೆಯಲ್ಲಿ ಆಗಿರುವ ಅನಾಹುತಗಳ ಪೈಕಿ ಹೆಚ್ಚಿನವು ಹಾಗೇ ಆಗಿರುವುದು.

ಮನೆಯ ಮುಂದೆ ಕಾಫಿ ಒಣಗಿಸುವ ಕಣ. ಅದನ್ನು ಮುಟ್ಟುವಂತಿಲ್ಲ. ಮನೆಯ ಬಲಕ್ಕೆ, ನಮ್ಮತ್ತೆಯ ಡೇರೆ ಹೂವಿನ ಸಾಲಿಗೂ ರೊಬಸ್ಟಾ ಕಾಫಿ ತೋಟದ ಅಂಚಿಗೂ ನಡುವೆ ಒಂದು ಚೌಕ ಜಾಗ ಖಾಲಿ ಬಿದ್ದಿತ್ತು. ಅದೇ ಸರಿ ಎಂದು ನಿರ್ಧರಿಸಿ ಗಂಡನಿಗೆ ಹೇಳಿದೆ. ನನ್ನ ಗಂಡ ಧರ್ಮಪ್ಪ ಬಹಳ ಸಮಾಧಾನದ ಮನುಷ್ಯ. ಮನೆಗೆ ಬೆಂಕಿ ಬಿದ್ದರೂ ಮೊದಲು ಚಪ್ಪಲಿ ಹಾಕಿಕೊಂಡು ಆಮೇಲೆ ಹೊರಗೆ ಬರುವವರು.

"ಹುಲ್ಲಾ?" ಎಂದರು.

"ಹೂಂ ರೀ, ಹುಲ್ಲು."

"ಬೆಳೆಸೋದಾ?"

"ಬೆಳೆಸೋದು!"

ಸ್ವಲ್ಪ ಹೊತ್ತು ತೋಟದ ಕಡೆ ನೋಡಿದರು. ಇಷ್ಟು ವರ್ಷ ಕಳೆ ತೆಗೆಸಿದ ದಿನಗಳೆಲ್ಲ ಅವರ ಕಣ್ಣ ಮುಂದೆ ಹಾದುಹೋದಂತೆ ಕಂಡಿತು. "ಆಯ್ತು, ನಿನ್ನಿಷ್ಟ" ಎಂದು ಒಳಗೆ ಹೋದರು.

ಅತ್ತೆ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಅವರು ಪಾಳ್ಯದ ಕಡೆಯವರು, ರಾಗಿ ಹೊಲದ ಮನೆಯಲ್ಲಿ ಹುಟ್ಟಿ ಬೆಳೆದವರು. ಆಟೋದಲ್ಲಿ ನರ್ಸರಿಯಿಂದ ಹುಲ್ಲಿನ ಮೂಟೆಗಳು ಬಂದಿಳಿದಾಗ ಹತ್ತಿರ ಬಂದು ಬಗ್ಗಿ ಮೂಸಿ ನೋಡಿದರು.

"ದನ ತಿಂತದೇನವ್ವ ಇದನ್ನ?"

"ಇಲ್ಲ ಅತ್ತೆ."

"ಮತ್ತೆ ಯಾರು ತಿಂತಾರೆ?"

"ಯಾರೂ ತಿನ್ನಲ್ಲ ಅತ್ತೆ. ಮೇಲೆ ಕೂರೋದು."

"ಕೂರೋಕೆ ಚಾಪೆ ಐತಲ್ಲ!"

ನಾನು ಮೂಟೆ ಬಿಚ್ಚಲು ಹೋದೆ.

ಜಾಗ ಅಗೆಸಿದೆ, ಕಲ್ಲು ಆರಿಸಿದೆ, ಮಟ್ಟ ಮಾಡಿಸಿದೆ. ನರ್ಸರಿಯವನು ಅವನ ಅಂಗಡಿಯ ಗೊಬ್ಬರವನ್ನೇ ಹಾಕಿ ಎಂದಿದ್ದ. ಮನೆಯ ಕೊಟ್ಟಿಗೆಯಲ್ಲಿ ಚಿನ್ನದಂಥ ಗೊಬ್ಬರ ಗುಡ್ಡೆ ಬಿದ್ದಿರುವಾಗ ಹೊರಗಿಂದ ತರುವುದೇ? ನನ್ನ ಸ್ವಾಭಿಮಾನ ಒಪ್ಪಲಿಲ್ಲ. ಮಂಕರಿಗಟ್ಟಲೆ ಹೊರಿಸಿ ಒಂದು ಗೇಣು ದಪ್ಪ ಹರಡಿಸಿದೆ. ಅದರ ಮೇಲೆ ಹುಲ್ಲಿನ ಕಡ್ಡಿಗಳನ್ನು ನೆಟ್ಟಾಯಿತು. ಸಂಜೆ ಸೊಂಟ ಹಿಡಿದುಕೊಂಡು ಜಗಲಿಯಲ್ಲಿ ಕೂತು ನೋಡಿದರೆ ಲಾನ್ ಇನ್ನೂ ಗದ್ದೆಯ ಹಾಗೇ ಕಾಣುತ್ತಿತ್ತು. ಆದರೂ ಮನಸ್ಸಿನಲ್ಲಿ ನಾನಾಗಲೇ ಬಿಳಿ ಕುರ್ಚಿ ಹಾಕಿಬಿಟ್ಟಿದ್ದೆ.

ಇಷ್ಟಾಗುವ ಹೊತ್ತಿಗೆ ನಮ್ಮವರು ಹುಣಸೂರಿಗೆ ಹೊರಟರು. ಅಲ್ಲಿ ಅವರ ಅಕ್ಕ ಮನೆ ಕಟ್ಟಿಸುತ್ತಿದ್ದರು. ತಾರಸಿ ಹಾಕಿಸುವಾಗ ಮುಂದೆ ನಿಂತು ನೋಡಿಕೊಳ್ಳುವ ಗಂಡಸು ಬೇಕಿತ್ತು. ಹೊರಡುವಾಗ ಬ್ಯಾಗು ಹೆಗಲಿಗೆ ಹಾಕಿಕೊಂಡು ಒಂದೇ ಒಂದು ಮಾತು ಹೇಳಿದರು.

"ಕೆರೆ ಮೇಲೆ ಒಂದ್ ಕಣ್ಣಿರ್ಲಿ. ನಾನು ಬಂದ್ಮೇಲೆ ರೊಬಸ್ಟಾಗೆ ನೀರು ಕೊಡೋಣ."

ಇದರ ತೂಕ ಏನೆಂದು ಕಾಫಿ ಬೆಳೆಯದವರಿಗೆ ಹೇಳಬೇಕು. ಬೇಸಿಗೆಯ ಶುರುವಿನಲ್ಲಿ ರೊಬಸ್ಟಾ ಗಿಡದ ತುಂಬ ಮೊಗ್ಗು ಬಿಗಿದುಕೊಂಡು ನೀರಿಗಾಗಿ ಕಾಯುತ್ತಿರುತ್ತದೆ. ಒಂದು ಒಳ್ಳೆಯ ಮಳೆಯಷ್ಟು ನೀರು ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟವೆಲ್ಲ ಒಟ್ಟಿಗೆ ಅರಳುತ್ತದೆ. ಒಟ್ಟಿಗೆ ಅರಳಿದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಅರ್ಧಂಬರ್ಧ ಅರಳಿದರೆ ಅಷ್ಟಕ್ಕಷ್ಟೆ. ನೀರು ಬೀಳದೇ ಹೋದರೆ ಮೊಗ್ಗು ಗಿಡದಲ್ಲೇ ಕರಟುತ್ತದೆ. ಮಳೆ ಆ ಹೊತ್ತಿಗೆ ಬಂದರೂ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ನಮ್ಮ ಮಾವ ಕೆರೆ ತೋಡಿಸಿದ್ದು. ವರ್ಷದ ಬೆಳೆ ನಿಂತಿರುವುದು ಆ ಕೆರೆಯ ಮೇಲೆ. ಕೆರೆಯ ನಡುವೆ ಒಂದು ಬಂಡೆಯಿದೆ. ನೀರಿಳಿದಾಗ ಮೊದಲು ಅದರ ಬೆನ್ನು ಕಾಣುತ್ತದೆ, ಎಮ್ಮೆ ಮಲಗಿದ ಹಾಗೆ. ತೋಟಕ್ಕೆ ನೀರು ಕೊಡುವ ಮೊದಲು ಎಮ್ಮೆಯ ಬೆನ್ನು ಕಾಣಕೂಡದು. ಇದು ಮಾವನ ಕಾಲದ ಕಾಯಿದೆ.

ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದವರು ತಪ್ಪು ಮಾಡಿದರೆ ಅದರಲ್ಲಿ ಏನು ವಿಶೇಷ?

ಮೊದಲು ಕೊಳಾಯಿಗೆ ರಬ್ಬರ್ ಪೈಪ್ ಸಿಕ್ಕಿಸಿ ಹುಲ್ಲಿಗೆ ನೀರು ಹಾಕಿದೆ. ಟ್ಯಾಂಕಿನ ನೀರು, ಎಷ್ಟು ಹೊತ್ತು ಬಂದೀತು? ಅತ್ತೆ ಬಚ್ಚಲಿಗೆ ಹೋದಾಗಲೇ ಖಾಲಿಯಾಯಿತು. ಬಚ್ಚಲೊಳಗಿಂದ ಅತ್ತೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಉಚಿತವಲ್ಲ. ಫೆಬ್ರವರಿಯ ಬಿಸಿಲು ಬೇರೆ. ನೆಟ್ಟ ಹುಲ್ಲು ಮಧ್ಯಾಹ್ನವಾದರೆ ಜ್ವರ ಬಂದ ಮಗುವಿನ ಹಾಗೆ ತಲೆ ಬಾಗಿಸುತ್ತಿತ್ತು. ಆಗ ಸ್ಟೋರಿನ ಮೂಲೆಯಲ್ಲಿ ಮಲಗಿದ್ದ ಜೆಟ್ ನನ್ನ ಕಣ್ಣಿಗೆ ಬಿತ್ತು.

ಜೆಟ್ ಎಂದರೆ ತೋಟಕ್ಕೆ ನೀರು ಹಾರಿಸುವ ಯಂತ್ರ. ಮೂರು ಕಾಲಿನ ಮೇಲೆ ನಿಂತು, ಫಿರಂಗಿಯಂಥ ಮೂತಿಯಿಂದ ಕಾಫಿ ಗಿಡಗಳ ತಲೆ ಮೇಲೆ ನೀರು ಎರಚುತ್ತ ಸುತ್ತಲೂ ತಿರುಗುತ್ತದೆ. ಕೆರೆಯ ಮೋಟಾರಿಗೆ ಪೈಪ್ ಜೋಡಿಸಿ, ಅದನ್ನು ಎಳೆದು ತಂದು ಲಾನಿನ ನಟ್ಟನಡುವೆ ಪ್ರತಿಷ್ಠಾಪಿಸಿ, ತ್ರೀ ಫೇಸ್ ಕರೆಂಟು ಬಂದ ಕೂಡಲೇ ಸ್ವಿಚ್ ಅದುಮಿದೆ.

ಮೊದಲ ಸುತ್ತಿಗೇ ಹತ್ತಿರದ ಹುಲ್ಲಿನ ಕಡ್ಡಿಗಳು ಎದ್ದು ಹಾರಿ ಮನೆಯ ಗೋಡೆಗೆ ಅಂಟಿಕೊಂಡವು. ಫಿರಂಗಿ ಹಾಗೇ ತಿರುಗಿ ಹಗ್ಗದ ಮೇಲಿನ ಬಟ್ಟೆ ತೋಯಿಸಿತು. ಮುಂದೆ ತಿರುಗಿ ಕಣದಲ್ಲಿ ಒಣಗಲು ಹಾಕಿದ್ದ ಕಾಳುಮೆಣಸನ್ನು ತೋಯಿಸಿತು. ಇನ್ನೂ ಮುಂದೆ ತಿರುಗಿ, ಜಗಲಿಯ ಬಿಸಿಲಲ್ಲಿ ಹಳೆ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದ ಅತ್ತೆಯನ್ನು, ಸಂಡಿಗೆ ಹಿಟ್ಟಿನ ಪಾತ್ರೆ ಸಮೇತ ತೋಯಿಸಿತು.

"ಸುಮಿತ್ರಾ! ಮಳೆ ಬಂತು ಕಣೇ, ಮೆಣಸು ಎತ್ತು!" ಎಂದು ಅತ್ತೆ ಕೂಗಿದರು. ಆಮೇಲೆ ಆಕಾಶ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅಷ್ಟರಲ್ಲಿ ಫಿರಂಗಿ ಒಂದು ಸುತ್ತು ಮುಗಿಸಿ ಮತ್ತೆ ಅವರ ಕಡೆಗೆ ತಿರುಗಿತು.

ಮೋಟಾರ್ ಆಫ್ ಮಾಡಿ ಓಡಿಬಂದೆ. ಅತ್ತೆಯ ಕೂದಲಿಂದ ಸಂಡಿಗೆ ಹಿಟ್ಟು ಇಳಿಯುತ್ತಿತ್ತು. ಆ ಹೊತ್ತಿಗೆ ಬುದ್ಧಿ ಕಲಿತಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನಾನು ಬುದ್ಧಿ ಕಲಿಯಲಿಲ್ಲ, ಬುದ್ಧಿ ಓಡಿಸಿದೆ. ತೊಂದರೆ ಏನು? ನೀರು ಜೋರು. ಪರಿಹಾರ ಏನು? ಜೆಟ್ಟನ್ನು ದೂರ ಇಡುವುದು. ಆಚೆ ರೊಬಸ್ಟಾ ಗಿಡಗಳ ನಡುವೆ ನಿಲ್ಲಿಸಿದರೆ ಮನೆಗೆ ಹನಿಯೂ ತಾಗುವುದಿಲ್ಲ, ಸುತ್ತಿನ ಕೊನೆಯ ಜುಮುರು ಮಾತ್ರ ಲಾನಿನ ಮೇಲೆ ಹಿತವಾಗಿ ಬೀಳುತ್ತದೆ. ಎಂಥ ಯೋಜನೆ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಲಾನಿಗೆ ಬೀಳುವುದು ಸುತ್ತಿನ ಒಂದು ಚೂರು, ಉಳಿದ ಸುತ್ತೆಲ್ಲ ಬೀಳುವುದು ಕಾಫಿಯ ಮೇಲೆ ಎನ್ನುವುದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆಯಿತು. "ಎಲೆ ಮೇಲಿನ ಧೂಳು ತೊಳೆದ ಹಾಗಾಯ್ತು, ಒಳ್ಳೇದೇ" ಎಂದುಕೊಂಡೆ. ನನ್ನ ಕಣ್ಣಿಗೆ ಆಗ ಕಾಣುತ್ತಿದ್ದದ್ದು ಹುಲ್ಲೊಂದೇ. ಹಾಗೇ ದಿನಾ ಜೆಟ್ ಓಡಿಸಿದೆ. ಒಂದು ದಿನ ಮೋಟಾರ್ ಹಾಕಿ ಒಳಗೆ ಬಂದಾಗ ತಂಗಿ ಫೋನ್ ಮಾಡಿದಳು. ಅವಳ ಓರಗಿತ್ತಿಯ ಸಮಾಚಾರ ಶುರುವಾದರೆ ಬೇಗ ಮುಗಿಯುವಂಥದ್ದಲ್ಲ. ಮುಗಿದಾಗ ಮಧ್ಯಾಹ್ನವಾಗಿತ್ತು, ಕರೆಂಟು ಹೋಗಿ ಮೋಟಾರ್ ತಾನೇ ನಿಂತಿತ್ತು. ಕರೆಂಟಿನವರ ದಯೆ ಎಂದು ಕೈಮುಗಿದು ಸುಮ್ಮನಾದೆ. ಕೆರೆಯ ಕಡೆ ಹೋಗಿ ನೋಡಲಿಲ್ಲ. ನೋಡಲು ಧೈರ್ಯ ಇರಲಿಲ್ಲ ಎನ್ನುವುದೇ ಸರಿ.

ಅಷ್ಟರಲ್ಲಿ ಲಾನಿನಲ್ಲಿ ಪವಾಡ ನಡೆಯಿತು. ಒಂದು ಬೆಳಿಗ್ಗೆ ನೋಡಿದರೆ ಇಡೀ ಚೌಕದಲ್ಲಿ ಎಳೆಯ ಹಸಿರು ಮೊಳಕೆ! ನಾನು ಓಡಿಹೋಗಿ ಅತ್ತೆಯ ಕೈ ಹಿಡಿದು ಕರೆತಂದೆ.

"ನೋಡಿ ಅತ್ತೆ, ಹೆಂಗೆ ಹಿಡೀತು!"

ಅತ್ತೆ ಬಗ್ಗಿ ಒಂದು ಮೊಳಕೆ ಕಿತ್ತು, ಬೇರು ನೋಡಿ, ಮುಖ ಅರಳಿಸಿದರು. ಸಂಡಿಗೆಯ ದಿನದಿಂದ ಮೊದಲ ಬಾರಿಗೆ ನನ್ನ ಜೊತೆ ಪ್ರೀತಿಯಿಂದ ಮಾತಾಡಿದರು.

"ರಾಗಿ ಕಣವ್ವ! ಎಷ್ಟು ಚೆಂದಾಗಿ ಬಂದೈತೆ!"

ನಮ್ಮ ದನಗಳಿಗೆ ಹಾಕುವುದು ಪಾಳ್ಯದಿಂದ ಬರುವ ರಾಗಿ ಹುಲ್ಲು. ಅದರಲ್ಲಿ ಉಳಿದ ಕಾಳೆಲ್ಲ ಗೊಬ್ಬರದ ಗುಡ್ಡೆಯಲ್ಲಿ ತೆಪ್ಪಗೆ ಕೂತು, ನನ್ನ ಲಾನಿಗಾಗಿ ಕಾದಿತ್ತು. ನೆಟ್ಟ ಹುಲ್ಲು ಅದರ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಮುಖ ತೋರಿಸುತ್ತಿತ್ತು. ನಾನು ರಾಗಿ ಕೀಳಲು ಕೂತೆ. "ಅನ್ನ ಕಣವ್ವ ಅದು, ಕೀಳಬ್ಯಾಡ" ಎಂದು ಅತ್ತೆ ಎದುರಿಗೆ ಕೂತರು. ನಾನು ಒಂದು ಸಾಲು ಕಿತ್ತು ಒಳಗೆ ಹೋಗಿ ಬರುವಷ್ಟರಲ್ಲಿ ಅವರು ಅದನ್ನು ಡೇರೆ ಸಾಲಿನ ಪಕ್ಕ ನಾಟಿ ಮಾಡಿರುತ್ತಿದ್ದರು.

ಹುಣಸೂರಿಂದ ಇವರು ವಾಪಸು ಬಂದ ದಿನ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಗಾಳಿಯಲ್ಲಿ ಏನೋ ಘಮ. ಮಲ್ಲಿಗೆಯ ಹಾಗೆ, ಮಲ್ಲಿಗೆಗಿಂತ ಗಾಢ. ಪೊರಕೆ ಹಿಡಿದ ಕೈ ಅಲ್ಲೇ ನಿಂತಿತು. ಕಾಫಿ ಹೂವಿನ ಘಮ ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ! ಗೇಟಿನ ಹತ್ತಿರ ಇವರು ಬ್ಯಾಗು ಹಿಡಿದು ಮೂಗರಳಿಸಿ ನಿಂತಿದ್ದರು.

"ಯಾರ ತೋಟದ್ದು ಹೂವು?" ಎಂದರು.

"ನಮ್ದೇ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ನಮ್ಗೆ ಮಳೆ ಬಂತಾ?" ಪಾಪ, ಅವರ ಮುಖದಲ್ಲಿ ಸಂತೋಷ ಮೂಡಿತು. "ಎಷ್ಟು ಸೆಂಟ್?"

ನಮ್ಮ ಕಡೆ ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆಯುತ್ತೇವೆ. ನನ್ನ ಮಳೆಯನ್ನು ಯಾವುದರಲ್ಲಿ ಅಳೆಯುವುದು? ನಾನು ಪೊರಕೆಯಿಂದ ರೊಬಸ್ಟಾ ಕಡೆ ತೋರಿಸಿದೆ.

ಅವರು ಹೋಗಿ ನೋಡಿದರು. ಹಿಂದೆಯೇ ನಾನೂ ಹೋದೆ. ನೋಡಲು ಕಣ್ಣಿಗೆ ಹಬ್ಬ ಎನ್ನುವಂತೆಯೇ ಇತ್ತು. ಸುತ್ತಲೂ ಹಸಿರು ತೋಟ ಹಾಗೇ ನಿಂತಿದೆ, ನಡುವೆ ಒಂದು ರೌಂಡು ಮಾತ್ರ ಬೆಳ್ಳಗೆ ಅರಳಿದೆ. ದಾರ ಹಿಡಿದು ಎಳೆದ ಹಾಗೆ ದುಂಡಗೆ! ಒಂದು ಕಡೆ ಮಾತ್ರ ಯಾರೋ ರೊಟ್ಟಿ ಮುರಿದುಕೊಂಡ ಹಾಗೆ ಒಂದು ಚೂರು ಇಲ್ಲ. ಆ ಚೂರು ಇದ್ದದ್ದು ನನ್ನ ಲಾನಿನ ಮೇಲೆ. ರೌಂಡಿನ ನಟ್ಟನಡುವೆ ಜೆಟ್ ಮೂರು ಕಾಲಿನ ಮೇಲೆ ನಿಂತಿತ್ತು. ಕದ್ದ ಮಾಲಿನ ಪಕ್ಕದಲ್ಲೇ ಸಿಕ್ಕಿಬಿದ್ದ ಕಳ್ಳಿ ನಾನು, ಯಾವ ಸಾಕ್ಷಿಯೂ ಬೇಕಿರಲಿಲ್ಲ.

ಇವರು ಸೀದಾ ಕೆರೆಯ ಕಡೆ ನಡೆದರು. ಎಮ್ಮೆಯ ಬೆನ್ನು ಕಾಣಿಸುತ್ತಿರಲಿಲ್ಲ. ಯಾಕೆಂದರೆ ಎಮ್ಮೆ ಎದ್ದು ನಿಂತಿತ್ತು! ಹೊಟ್ಟೆ, ಕಾಲು, ಎಲ್ಲ ಕಾಣಿಸುತ್ತಿತ್ತು. ಕೆಸರು ಬಿರುಕು ಬಿಡಲು ಶುರುವಾಗಿತ್ತು.

ಇವರು ದಂಡೆಯ ಮೇಲೆ ಕೂತರು. ಬೈದಿದ್ದರೆ ಚೆನ್ನಾಗಿತ್ತು. ನಾನೂ ತಿರುಗಿ ನಾಲ್ಕು ಮಾತಾಡಿ, ಸ್ವಲ್ಪ ಅತ್ತು, ಹಗುರಾಗುತ್ತಿದ್ದೆ. ಇವರು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು, ಅದನ್ನು ನಾಲ್ಕು ಮಡಿಕೆ ಮಡಚಿ ತೊಡೆಯ ಮೇಲಿಟ್ಟುಕೊಂಡರು. ಮತ್ತೆ ಬಿಚ್ಚಿ ಮತ್ತೆ ಮಡಚಿದರು. ನನಗೆ ನಿಜವಾಗಿ ಭಯವಾಯಿತು. ಇಷ್ಟು ವರ್ಷದಲ್ಲಿ ಅವರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಒಂದು ಹಿಡಿ ಹುಲ್ಲಿಗಾಗಿ, ನಾಲ್ಕು ಜನರ ಮುಂದೆ ಜಂಬ ಕೊಚ್ಚಿಕೊಂಡ ಒಂದು ಮಾತಿಗಾಗಿ, ವರ್ಷದ ಬೆಳೆಯನ್ನೇ ನೀರಿಗೆ ಹಾಕಿದೆನಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

"ಇರೋ ನೀರು ಕೆಳಗಿನ ಭಾಗಕ್ಕೆ ಸಾಕಾದೀತು" ಎಂದರು ಕೊನೆಗೆ. "ಮೇಲಿಂದಕ್ಕೆ ಸಾಲಲ್ಲ. ಮಂಜಣ್ಣನ್ನ ಕೇಳ್ಬೇಕು."

ಸಂಜೆ ಇಬ್ಬರೂ ಮಂಜಣ್ಣನ ಮನೆಗೆ ಹೋದೆವು. ದಾರಿಯಲ್ಲಿ ಇವರು, "ನೀನೇನೂ ಮಾತಾಡ್ಬೇಡ, ನಾನು ಹೇಳ್ತೀನಿ" ಎಂದರು. ಮಂಜಣ್ಣ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು.

"ಸ್ವಲ್ಪ ಎಡವಟ್ಟಾಯ್ತು ಮಂಜಣ್ಣ" ಎಂದರು ಇವರು. "ನಾನು ಮೋಟಾರ್ ಆಫ್ ಮಾಡೋದು ಮರ್ತೆ. ಕೆರೆ ಖಾಲಿಯಾಗೋಯ್ತು."

ನನ್ನ ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡರಲ್ಲ ಎಂದು ಕಣ್ಣಲ್ಲಿ ನೀರು ಬಂತು. ಇಂಥ ಗಂಡ ಯಾರಿಗುಂಟು!

ಮಂಜಣ್ಣ ಎಲೆ ಜಗಿಯುವುದನ್ನು ನಿಲ್ಲಿಸಿದರು. "ಅಲ್ಲ ಧರ್ಮಣ್ಣ, ನೀವು ಹುಣಸೂರಿನಾಗಿದ್ರಲ್ಲ? ಅಲ್ಲಿಂದ್ಲೇ ಮರ್ತ್ರಾ?"

ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳಬಾರದು. ಇವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಒಳಗಿನಿಂದ ಶಾಂತಕ್ಕ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

"ಇವರಲ್ಲ ಮಂಜಣ್ಣ, ನಾನು. ಲಾನಿಗೆ ಜೆಟ್ ಹಾಕ್ಬುಟ್ಟೆ" ಎಂದೆ.

ಶಾಂತಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗಲು ಶುರು ಮಾಡಿದಳು. "ಹುಲ್ಲಿಗಾ? ಹುಲ್ಲಿಗೆ ಜೆಟ್ಟಾ ಮಾರಾಯ್ತಿ?" ಎನ್ನುವುದು, ಮತ್ತೆ ನಗುವುದು. ಮಂಜಣ್ಣ ಗಂಭೀರವಾಗಿರಲು ಬಹಳ ಪ್ರಯತ್ನಪಟ್ಟರು. ಬಾಯಲ್ಲಿ ಎಲೆ ಅಡಿಕೆ ಇದ್ದದ್ದರಿಂದ ಅದು ಅವರಿಗೆ ಕಷ್ಟವಾಯಿತು. ಅಂಗಳಕ್ಕೆ ಹೋಗಿ ಉಗಿದು ಬಂದರು.

"ನಮ್ಮದಕ್ಕೆ ನಾಳೆಯಿಂದ ನೀರು ಹಾಕ್ತೀವಿ. ಅದು ಮುಗೀಲಿ. ಕೆರೆಯಾಗೆ ಉಳಿದ್ರೆ ನಿಮ್ಮ ಪೈಪ್ ಜೋಡಿಸ್ಕಳಿ ಧರ್ಮಣ್ಣ. ಉಳೀದಿದ್ರೆ ನಂಗೆ ಬೇಜಾರು ಮಾಡ್ಕಬ್ಯಾಡಿ" ಎಂದರು.

ಆ ಕಾಯುವ ದಿನಗಳಲ್ಲಿ ನಾನು ಬಹಳ ಒಳ್ಳೆಯ ಹೆಂಗಸಾದೆ. ಯಾರಿಗೂ ಎದುರು ಮಾತಾಡಲಿಲ್ಲ. ಇದ್ದ ನೀರನ್ನು ಇವರು ಕೆಳಗಿನ ಭಾಗಕ್ಕೆ ಕೊಟ್ಟು ಮುಗಿಸಿದರು. ನಾನು ದಿನಾ ಬೆಳಿಗ್ಗೆ ಎದ್ದು ಮೇಲಿನ ಭಾಗದ ಮೊಗ್ಗು ಮುಟ್ಟಿ ನೋಡುತ್ತಿದ್ದೆ, ಕರಟಿತೇ, ಇನ್ನೂ ಜೀವ ಇದೆಯೇ ಎಂದು. ಅಲ್ಲಿಂದಲೇ ಮಂಜಣ್ಣನ ಕೆರೆಯ ಕಡೆ ಕತ್ತು ಉದ್ದ ಮಾಡಿ ನೀರು ಎಷ್ಟಿದೆ ಎಂದು ಅಳೆಯುತ್ತಿದ್ದೆ. ಲಾನಿನ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕಿ ತೊಳೆದ ನೀರನ್ನಾದರೂ ಹಾಕೋಣವೆಂದು ಒಂದು ದಿನ ಬಕೆಟ್ ಇಟ್ಟಿದ್ದೆ, ಅತ್ತೆ ಅದನ್ನು ರಾಗಿಗೆ ಹಾಕಿದರು. ಹುಲ್ಲು ಮೊದಲು ಹಳದಿಯಾಯಿತು, ಆಮೇಲೆ ಕಂದು. ರಾಗಿ ಮಾತ್ರ ಅಲ್ಲಲ್ಲಿ ಗುಂಪುಗುಂಪಾಗಿ ಹಸಿರಾಗಿ ನಿಂತಿತ್ತು.

ಒಂದು ಬೆಳಿಗ್ಗೆ ಬೇಲಿಯ ಆಚೆಯಿಂದ ಮಂಜಣ್ಣ ಕೂಗಿದರು. "ಧರ್ಮಣ್ಣಾ, ಪೈಪ್ ತಗೊಂಬನ್ನಿ! ಉಳ್ದೈತೆ!"

ನಾನು ಇವರಿಗಿಂತ ಮೊದಲು ಓಡಿದೆ. ಅವತ್ತು ನಾನು ಹೊತ್ತಷ್ಟು ಪೈಪ್ ಯಾವ ಆಳೂ ಹೊತ್ತಿರಲಿಕ್ಕಿಲ್ಲ. ಜೆಟ್ ಮೇಲಿನ ಭಾಗದಲ್ಲಿ ತಿರುಗಲು ಶುರುವಾದಾಗ ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ. ಸುತ್ತು ಬಂದ ನೀರು ನನ್ನನ್ನೂ ತೋಯಿಸಿಕೊಂಡು ಹೋಯಿತು. ಏಳಲಿಲ್ಲ. ಸಮಾಧಾನಕ್ಕೆ ಅಳು ಬರುತ್ತಿತ್ತು, ಒದ್ದೆ ಮುಖದಲ್ಲಿ ಅದು ಯಾರಿಗೂ ತಿಳಿಯಲಿಲ್ಲ.

ಬೆಳೆ ಉಳಿಯಿತು. ಮಾನ ಉಳಿಯುವುದು ಬಾಕಿ ಇತ್ತು. ಕೂಟದ ದಿನ ಬಂದೇಬಿಟ್ಟಿತು.

ಬಾಡಿಗೆಗೆ ಬಿಳಿ ಕುರ್ಚಿ ತರಿಸಿ ಕಂದು ಹುಲ್ಲಿನ ಮೇಲೆ ಹಾಕಿಸಿದ್ದೆ. ಹೆಂಗಸರೆಲ್ಲ ರೇಷ್ಮೆ ಸೀರೆಯಲ್ಲಿ ಬಂದಿಳಿದರು. ವಿಮಲಕ್ಕ ಲಾನಿನ ಅಂಚಿನಲ್ಲಿ ನಿಂತು, ಒಂದು ರಾಗಿ ಪೈರಿನ ಮೇಲೆ ಕಾಲಿಡದಂತೆ ಪಕ್ಕಕ್ಕೆ ಸರಿದರು. ಈ ಸೀಮೆಯ ಹೆಣ್ಣುಮಗಳು ಎಷ್ಟು ದೊಡ್ಡ ಬಂಗಲೆಯಲ್ಲಿದ್ದರೂ ಪೈರು ತುಳಿಯುವುದಿಲ್ಲ. ನಾನು ಕಷ್ಟಪಟ್ಟು ಬಾಯಿಪಾಠ ಮಾಡಿಕೊಂಡಿದ್ದ ವಿವರಣೆ ಶುರುಮಾಡಿದೆ. "ಈ ಸಲ ಬಿಸಿಲು ಜಾಸ್ತಿ ನೋಡಿ ವಿಮಲಕ್ಕ, ಹಾಗಾಗಿ ಹುಲ್ಲು..."

"ಹುಲ್ಲು ಹೋಗ್ಲಿ ಬಿಡು ಸುಮಿತ್ರಾ" ಎಂದರು ವಿಮಲಕ್ಕ. "ಆ ರೌಂಡು ಎಲ್ಲೈತೆ? ಅದನ್ನ ನೋಡೋಕೇ ಬಂದಿದ್ದು!"

ನಾನು ಶಾಂತಕ್ಕನನ್ನು ನೋಡಿದೆ. ಅವಳು ಮರದ ಮೇಲಿನ ಹಕ್ಕಿ ನೋಡುತ್ತಿದ್ದಳು.

ಇಡೀ ಕೂಟ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತೋಟಕ್ಕೆ ನುಗ್ಗಿತು. ರೌಂಡಿನ ಹೂವೆಲ್ಲ ಆ ಹೊತ್ತಿಗೆ ಕಂದಿ ಉದುರಿತ್ತು, ಸುತ್ತಲಿನ ಗಿಡಗಳು ಈಗ ಬೆಳ್ಳಗೆ ಅರಳಿ ನಿಂತಿದ್ದವು. ಬಿಳಿ ತೋಟದ ನಡುವೆ ಕಂದು ರೌಂಡು, ಇನ್ನೂ ಎದ್ದು ಕಾಣುತ್ತಿತ್ತು! ಒಬ್ಬರು ಫೋಟೋ ತೆಗೆದರು. ಇನ್ನೊಬ್ಬರು ಜೆಟ್ ನಿಂತಿದ್ದ ಜಾಗ ಯಾವುದೆಂದು ಕೇಳಿ ಅಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅತ್ತೆ ಗೈಡಿನ ಹಾಗೆ ಮುಂದೆ ಮುಂದೆ ನಡೆದು, ಸಂಡಿಗೆಯ ಪ್ರಸಂಗದಿಂದ ಹಿಡಿದು ಎಲ್ಲವನ್ನೂ ವಿವರಿಸಿದರು. ಕೊನೆಗೆ ಎಲ್ಲರೂ ಬಂದು ಕಣದಲ್ಲಿ ಚಾಪೆ ಹಾಸಿಕೊಂಡು ಕೂತು, ಕಡುಬು ತಿಂದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ಚೆನ್ನಾಗಿ ಯಾವ ಕೂಟವೂ ಆಗಿರಲಿಲ್ಲವಂತೆ. ಬಿಳಿ ಕುರ್ಚಿಗಳು ಲಾನಿನ ಮೇಲೆ ಖಾಲಿ ಕೂತಿದ್ದವು.

ನಾಚಿಕೆಯೆಲ್ಲ ಅಲ್ಲಿಗೆ ಮುಗಿಯಿತೆಂದು ನಾನು ಭಾವಿಸಿದೆ. ಆದರೆ ನಮ್ಮ ಸೀಮೆಯ ಒಂದು ಪದ್ಧತಿ ನನಗೆ ಮರೆತುಹೋಗಿತ್ತು. ತೋಟದ ಪ್ರತಿ ತುಂಡಿಗೂ ಇಲ್ಲಿ ಒಂದು ಹೆಸರಿರುತ್ತದೆ. ಹಲಸಿನ ಮರ ಇದ್ದರೆ ಹಲಸಿನ ತುಂಡು, ಬಾವಿ ಇದ್ದರೆ ಬಾವಿ ತುಂಡು. ಅಲ್ಲಿ ಏನಾದರೂ ನಡೆದಿದ್ದರೆ ನಡೆದದ್ದರ ಹೆಸರೇ ಗಟ್ಟಿ. ನಮ್ಮಲ್ಲೊಂದು ಜೀಪ್ ತುಂಡು ಇದೆ. ಮದುವೆಯಾದ ಹೊಸತರಲ್ಲಿ ಇವರು ಮಾವನ ಜೀಪ್ ಕಲಿಯಲು ಹೋಗಿ, ರಿವರ್ಸಿನಲ್ಲಿ ಸೀದಾ ಇಳಿಜಾರಿನ ಕಾಫಿಯೊಳಗೆ ಇಳಿಸಿದ್ದರು. ಅಂದಿನಿಂದ ಅದು ಜೀಪ್ ತುಂಡು. "ರೀ, ಜೀಪ್ ತುಂಡಿಗೆ ಗೊಬ್ಬರ ಹಾಕಿಸಿದ್ರಾ?" ಎಂದು ನಾನು ಕೇಳುವಾಗಲೆಲ್ಲ ನನ್ನ ತುಟಿಯ ಕೊನೆಯಲ್ಲಿ ಸಣ್ಣ ನಗು ಇರುತ್ತಿತ್ತು. ಇಷ್ಟು ವರ್ಷ ಒಮ್ಮೆಯೂ ಬಿಡದೆ ನಕ್ಕಿದ್ದೇನೆ.

ಈ ಸಲ ಕೊಯ್ಲು ಶುರುವಾಯಿತು. ಬೆಳೆ ಚೆನ್ನಾಗಿಯೇ ಬಂತು, ಆ ರೌಂಡಿನ ಗಿಡಗಳಲ್ಲಿ ಮಾತ್ರ ಹಣ್ಣು ಹುಡುಕಬೇಕು. ಮೊದಲ ದಿನ ಬೆಳಿಗ್ಗೆ ಕೊಯ್ಯುವ ಹೆಂಗಸರು ಚೀಲ ಹಿಡಿದು ಕಣದಲ್ಲಿ ನಿಂತಿದ್ದರು. ನಾನು ಅಡುಗೆ ಮನೆಯ ಕಿಟಕಿಯಲ್ಲಿದ್ದೆ. ಇವರು ಎಂದಿನ ಸಮಾಧಾನದಲ್ಲಿ ಕೆಲಸ ಹಂಚಿದರು.

"ನೀವು ನಾಲ್ಕು ಜನ ಜೀಪ್ ತುಂಡಿಗೆ ಹೋಗ್ರವ್ವ. ಉಳಿದೋರು ಲಾನ್ ತುಂಡಿಗೆ."

ಯಾರೂ ನಗಲಿಲ್ಲ. "ಆಯ್ತು ಅಣ್ಣ" ಎಂದು ಹೊರಟೇಬಿಟ್ಟರು, ಅಜ್ಜನ ಕಾಲದಿಂದ ಅದಕ್ಕೆ ಅದೇ ಹೆಸರು ಎನ್ನುವಂತೆ! ಸೌಟು ಹಿಡಿದುಕೊಂಡೇ ಹೊರಗೆ ಓಡಿಬಂದೆ.

"ಏನ್ರೀ ಇದು? ಅದು ಮನೆ ತುಂಡು ಅಲ್ವಾ?"

"ಆಗಿತ್ತು" ಎಂದರು.

"ಅವತ್ತು ಬೈದು ಮುಗಿಸಿದ್ರೆ ಆಗ್ತಿರಲಿಲ್ವಾ?"

"ಅಪ್ಪನೂ ನಂಗೆ ಅವತ್ತು ಬೈಲಿಲ್ಲ ಕಣೇ" ಎಂದರು. "ಹೆಸರಿಟ್ರು, ಅಷ್ಟೇ." ಅವರ ತುಟಿಯ ಕೊನೆಯಲ್ಲಿ ಸಣ್ಣ ನಗು ಇತ್ತು. ಅದು ಎಲ್ಲಿಂದ ಹೋದ ನಗು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ, ಕೊನೆಗೂ ನಮ್ಮ ಮನೆಗೊಂದು ಲಾನ್ ಆಗಿದೆ. ನಾನು ಹೋದ ಮೇಲೂ ಅದರ ಹೆಸರು ಹೋಗುವುದಿಲ್ಲ. ದೋಣಿಗಲ್ಲಿನ ವಿಮಲಕ್ಕನ ಲಾನಿಗಿಂತ ನಾಲ್ಕು ಪಟ್ಟು ದೊಡ್ಡದು. ಒಂದೇ ಒಂದು ಕೊರತೆ. ಅದರಲ್ಲಿ ಎಲ್ಲಾದರೂ ಹುಲ್ಲು ಕಂಡರೆ ಇವರು ಕಳೆ ಕತ್ತರಿಸುವ ಯಂತ್ರ ತರುತ್ತಾರೆ.